ಹ್ಞೂಂ ಅಂದು ಸುಮ್ಮನಿದ್ದ ಫಿಲ್ಟರ್

ಓಡುತ್ತಿದ್ದ ಪುಟವೊಂದು ಅಪ್‌ಗ್ರೇಡ್ ಆದ ಮರುದಿನ ನಿಂತುಹೋದರೆ ಬೈಗುಳ ಬೀಳುವುದು ಅಪ್‌ಗ್ರೇಡ್ ಮಾಡಿದವರಿಗೆ. ನಮಗೂ ಬಿತ್ತು. ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘದ ತಂತ್ರಾಂಶವನ್ನು ಬೇರೊಂದು ತಂಡ ಬರೆದು ಒಪ್ಪಿಸಿ ಹೋಗಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜಾಂಗೊ 2.2ರ ಮೇಲೆ ನಿಂತಿದ್ದ ಕೋಡ್. ಆ ಆವೃತ್ತಿಗೆ ಬರುತ್ತಿದ್ದ ಭದ್ರತಾ ತೇಪೆಗಳು 2022ರ ಏಪ್ರಿಲ್‌ಗೆ ಮುಗಿಯುವುದಿತ್ತು. ಹಾಗಾಗಿ 3.2ಕ್ಕೆ ದಾಟಿಸಿದೆವು. ಬಹುತೇಕ ಎಲ್ಲವೂ ಒಂದಿಷ್ಟು ಗೊಣಗಿ ದಾರಿಗೆ ಬಂತು, 'ಒಟ್ಟು ಆವಕ' ಎಂಬ ಪುಟವಂತೂ ತೆರೆಯಲೇ ಇಲ್ಲ. ಲಾಗ್‌ನಲ್ಲಿದ್ದ ಎರರ್‌ನ ಹೆಸರು ನಾಟ್ ಸಪೋರ್ಟೆಡ್ ಎರರ್. ಅದರ ತಿರುಳು ಇಷ್ಟು: ಯೂನಿಯನ್ ಆದ ಮೇಲೆ ಕ್ವೆರಿಸೆಟ್‌ನ ಮೇಲೆ ಫಿಲ್ಟರ್ ಕರೆಯುವುದಕ್ಕೆ ಬೆಂಬಲವಿಲ್ಲ.

"ನಿನ್ನೆವರೆಗೂ ಬರ್ತಿತ್ತಲ್ರೀ" ಎಂದರು ಸಂಘದ ಕಚೇರಿಯವರು. ಬರುತ್ತಿದ್ದದ್ದು ನಿಜ. ಆದರೆ ಏನು ಬರುತ್ತಿತ್ತು ಎಂದು ಯಾರೂ ಕೇಳಿರಲಿಲ್ಲ.

ಸಂಘಕ್ಕೆ ಅಡಿಕೆ ತರುವವರಲ್ಲಿ ಎರಡು ಬಗೆ. ಷೇರು ಹಣ ಕಟ್ಟಿ ಮತದಾನದ ಹಕ್ಕು ಪಡೆದ ಪೂರ್ಣ ಸದಸ್ಯರು ಒಂದು ಕಡೆ, ವ್ಯವಹಾರಕ್ಕಷ್ಟೇ ಹೆಸರು ನೋಂದಾಯಿಸಿದ ನಾಮಮಾತ್ರ ಸದಸ್ಯರು ಇನ್ನೊಂದು ಕಡೆ. ಹಳೆಯ ತಂಡ ಇವರ ಆವಕಕ್ಕೆ ಎರಡು ಬೇರೆ ಟೇಬಲ್‌ಗಳನ್ನು ಮಾಡಿಟ್ಟಿತ್ತು. ಕಾಲಮ್‌ಗಳು ಎರಡರಲ್ಲೂ ಒಂದೇ: ದಿನಾಂಕ, ಶಾಖೆ, ಬೆಳೆಗಾರ, ಅಡಿಕೆಯ ಬಗೆ, ಚೀಲ, ತೂಕ. ರಾಶಿಯೋ ಚಾಲಿಯೋ ಬೆಟ್ಟೆಯೋ ಗೊರಬಲೋ ಎಂಬುದು ಬಗೆಯ ಕಾಲಮ್‌ನಲ್ಲಿ. ಒಂದೊಂದು ಟೇಬಲ್‌ಗೂ ಅದರದೇ ಪುಟ, ಅದರದೇ ವರದಿ, ಅದರದೇ ಪಟ್ಟಿ. ಹಣ ಸಂದಾಯವಾಗುತ್ತಿದ್ದದ್ದು ಆ ಪುಟಗಳ ಲೆಕ್ಕದಿಂದ. ಎರಡನ್ನೂ ಒಂದೇ ಕಡೆ ನೋಡಬೇಕು ಎಂದು ಯಾರೋ ಕೇಳಿದಾಗ ಹುಟ್ಟಿದ್ದು 'ಒಟ್ಟು ಆವಕ'.

ಜಾಂಗೊದಲ್ಲಿ ಕ್ವೆರಿಸೆಟ್ ಎಂದರೆ ತಂದಿಟ್ಟ ಸಾಲುಗಳಲ್ಲ, ಏನನ್ನು ತರಬೇಕು ಎಂಬುದರ ವಿವರಣೆ. ಅದರ ಮೇಲೆ ಫಿಲ್ಟರ್ ಹಾಕಬಹುದು, ಮತ್ತೊಂದು ಫಿಲ್ಟರ್ ಹಾಕಬಹುದು, ವಿಂಗಡಿಸಬಹುದು. ಕೊನೆಗೆ ಸಾಲುಗಳು ನಿಜಕ್ಕೂ ಬೇಕಾದಾಗ ಇಡೀ ವಿವರಣೆ ಒಂದು ಎಸ್‌ಕ್ಯುಎಲ್ ವಾಕ್ಯವಾಗಿ ಡೇಟಾಬೇಸ್‌ಗೆ ಹೋಗುತ್ತದೆ. ಈ ಸೌಕರ್ಯಕ್ಕೆ ಒಗ್ಗಿಕೊಂಡವರಿಗೆ ಫಿಲ್ಟರ್ ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಹಾಕಬಹುದಾದದ್ದು ಅನ್ನಿಸುತ್ತದೆ. ಈ ತಂತ್ರಾಂಶವೂ ಹಾಗೇ ಇತ್ತು. ಪ್ರತಿ ಪುಟವೂ ತನ್ನ ಕ್ವೆರಿಸೆಟ್ ಕೊಡುತ್ತದೆ; ಎಲ್ಲ ಪುಟಗಳಿಗೂ ಸಾಮಾನ್ಯವಾದ ಒಂದು ಕೋಡ್ ಅದನ್ನು ಇಸಿದುಕೊಂಡು, ಲಾಗಿನ್ ಆದ ಗುಮಾಸ್ತರ ಶಾಖೆಯನ್ನು ಫಿಲ್ಟರ್ ಆಗಿ ಸೇರಿಸಿ ಮುಂದೆ ಕಳಿಸುತ್ತದೆ. ಶಾಖೆಯ ಬೇಲಿ ಒಂದೇ ಕಡೆ ಇರಲಿ, ಪುಟ ಬರೆಯುವವರು ಮರೆತರೂ ಅದು ಬೀಳದಿರಲಿ ಎಂಬ ಉದ್ದೇಶ. ಒಳ್ಳೆಯ ವಿನ್ಯಾಸವೇ. ಈಗ ಬರೆಯಲು ಕೂತರೂ ನಾನು ಹಾಗೇ ಬರೆಯುತ್ತೇನೆ.

'ಒಟ್ಟು ಆವಕ' ಪುಟ ಕೊಡುತ್ತಿದ್ದದ್ದು ಎರಡು ಟೇಬಲ್‌ಗಳ ಯೂನಿಯನ್. ಸಾಮಾನ್ಯ ಕೋಡ್ ಅದರ ಮೇಲೆ ಶಾಖೆಯ ಫಿಲ್ಟರ್ ಹಾಕುತ್ತಿತ್ತು. 3.2 ಇದಕ್ಕೆ ಒಪ್ಪಲಿಲ್ಲ. ಹಾಗಾದರೆ 2.2 ಏನು ಮಾಡುತ್ತಿತ್ತು? ಹಳೆಯ ಆವೃತ್ತಿಯನ್ನು ಪಕ್ಕದಲ್ಲಿ ಮತ್ತೆ ಎಬ್ಬಿಸಿ, ಡೇಟಾದ ನಕಲು ಹಾಕಿ, ಒಂದು ಶಾಖೆಯ ಗುಮಾಸ್ತರ ಖಾತೆಯಿಂದ ಒಳಗೆ ಹೋದೆ. ಎಲ್ಲ ಶಾಖೆಗಳ ಆವಕವೂ ಪರದೆಯ ಮೇಲೆ ಸಾಲುಗಟ್ಟಿತ್ತು. ಕ್ವೆರಿಸೆಟ್‌ನ ಕ್ವೆರಿಯನ್ನು ಪ್ರಿಂಟ್ ಮಾಡಿ ನೋಡಿದರೆ ಒಂದು ಸೆಲೆಕ್ಟ್, ನಡುವೆ ಯೂನಿಯನ್, ಇನ್ನೊಂದು ಸೆಲೆಕ್ಟ್. ಶಾಖೆ ಎಂಬ ಷರತ್ತಿನ ಸುಳಿವೇ ಇಲ್ಲ. ಫಿಲ್ಟರ್ ಅನ್ನು ಕರೆದದ್ದು ಖಚಿತ. ಅದು ಎರರ್ ಕೊಟ್ಟಿರಲಿಲ್ಲ, ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ, ಹೊಸ ಕ್ವೆರಿಸೆಟ್ ಒಂದನ್ನು ವಿನಯದಿಂದ ಹಿಂತಿರುಗಿಸಿತ್ತು. ಆದರೆ ಡೇಟಾಬೇಸ್‌ಗೆ ಹೋದ ವಾಕ್ಯದಲ್ಲಿ ಅದರ ಒಂದಕ್ಷರವೂ ಇರಲಿಲ್ಲ.

ಆ ಶಾಖೆಯ ಗುಮಾಸ್ತರಿಗೆ ಫೋನ್ ಮಾಡಿ ಕೇಳಿದೆ. ಈ ಪುಟದಲ್ಲಿ ಬೇರೆ ಶಾಖೆಯವರ ಹೆಸರೂ ಬರುತ್ತಿತ್ತಾ?

"ಹೌದು ಸರ್. ಅದು ಹಾಗೇ ಅಲ್ವಾ? ನಾವು ಕಂಟ್ರೋಲ್ ಎಫ್ ಒತ್ತಿ ನಮ್ಮದನ್ನ ಹುಡುಕ್ಕೋತೀವಿ."

ಇನ್ನೊಂದು ಶಾಖೆಯವರು ಇನ್ನೂ ಉತ್ಸಾಹದಿಂದ ಮಾತಾಡಿದರು. ಪಕ್ಕದ ಶಾಖೆಗೆ ಇವತ್ತು ಎಷ್ಟು ಚಾಲಿ ಬಂತು ಎಂದು ನೋಡಿಕೊಳ್ಳುವುದಕ್ಕೆ ಈ ಪುಟ ಬಹಳ ಅನುಕೂಲವಂತೆ. ಅದನ್ನು ದಯವಿಟ್ಟು ತೆಗೆಯಬಾರದಂತೆ. ದೋಷವೊಂದು ನಾಲ್ಕು ದಿನ ನಿಂತರೆ ಸೌಲಭ್ಯವೆಂದೇ ಎಣಿಕೆಯಾಗುತ್ತದೆ. ಆದರೆ ಮಲೆನಾಡಿನಲ್ಲಿ ಯಾರ ಮನೆಯಿಂದ ಎಷ್ಟು ಕ್ವಿಂಟಲ್ ರಾಶಿ ಹೊರಬಿತ್ತು ಎಂಬುದು ಸಣ್ಣ ಮಾತಲ್ಲ. ಕೈಸಾಲ ಕೊಟ್ಟವನು ಅದನ್ನು ಕೇಳಿಸಿಕೊಂಡು ಬರುತ್ತಾನೆ, ತೋಟ ಪಾಲಾಗದ ಅಣ್ಣತಮ್ಮಂದಿರ ನಡುವೆ ಅದೇ ಜಗಳದ ಮೂಲವಾಗುತ್ತದೆ, ದರ ಏರಲಿ ಎಂದು ದಾಸ್ತಾನು ಹಿಡಿದಿಟ್ಟವನ ಗುಟ್ಟೂ ಅದರಲ್ಲೇ ಇರುತ್ತದೆ. ಶಾಖೆಗೊಂದು ಬೇಲಿ ಬೇಕೆಂದು ಆಡಳಿತ ಮಂಡಳಿ ಕೇಳಿದ್ದು ಸುಮ್ಮನೆ ಅಲ್ಲ.

ಇದು ಹೇಗಾಯಿತು ಎಂಬುದನ್ನು ತಿಳಿಯಲು ಜಾಂಗೊದ ಕೋಡ್ ತೆರೆದು ನೋಡಿದೆ. ಎಸ್‌ಕ್ಯುಎಲ್ ಹೆಣೆಯುವ ಭಾಗಕ್ಕೆ ಅಲ್ಲಿ ಕಂಪೈಲರ್ ಎನ್ನುತ್ತಾರೆ. ಕಂಪೈಲರ್ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತದೆ: ಇದು ಜೋಡಿಸಿದ ಕ್ವೆರಿಯೋ, ಒಂಟಿಯೋ? ಒಂಟಿಯಾದರೆ ಸೆಲೆಕ್ಟ್, ಫ್ರಮ್, ವೇರ್, ಗ್ರೂಪ್ ಬೈ ಎಲ್ಲವನ್ನೂ ಒಂದೊಂದಾಗಿ ಕಟ್ಟುತ್ತದೆ. ಜೋಡಿಸಿದ್ದಾದರೆ ಬೇರೆ ದಾರಿ ಹಿಡಿದು, ಒಳಗಿನ ಕ್ವೆರಿಗಳನ್ನು ಒಂದೊಂದಾಗಿ ಎಸ್‌ಕ್ಯುಎಲ್ ಮಾಡಿಸಿ, ನಡುವೆ ಯೂನಿಯನ್ ಎಂಬ ಪದ ಇಟ್ಟು ಅಂಟಿಸುತ್ತದೆ. ಈ ಎರಡನೆಯ ದಾರಿಯಲ್ಲಿ ಹೊರಗಿನ ಕ್ವೆರಿಯ ವೇರ್ ಭಾಗವನ್ನು ಯಾರೂ ನೋಡುವುದಿಲ್ಲ. ಆರ್ಡರ್ ಬೈ ನೋಡುತ್ತಾರೆ, ಲಿಮಿಟ್ ನೋಡುತ್ತಾರೆ, ವೇರ್ ಇಲ್ಲ. ನಾವು ಹಾಕಿದ ಶಾಖೆಯ ಷರತ್ತು ಹೋಗಿ ಕೂತದ್ದು ಅಲ್ಲೇ, ಆ ಹೊರಗಿನ ವೇರ್‌ನಲ್ಲಿ. ಕಚೇರಿಯಲ್ಲಿ ಯಾರೂ ಬೀಗ ತೆಗೆಯದ ಡಬ್ಬಿಗೆ ಹಾಕಿದ ಅರ್ಜಿ ಅದು: ಸ್ವೀಕೃತಿ ಸಿಕ್ಕಿದೆ, ಓದುವವರಿಲ್ಲ.

ಕೌಂಟ್ ಕೂಡ ಸಾಕ್ಷಿ ಹೇಳಲಿಲ್ಲ. ಪುಟದ ತಲೆಯ ಮೇಲೆ 'ಒಟ್ಟು ಇಷ್ಟು ದಾಖಲೆ' ಎಂದು ಬರುತ್ತಿತ್ತು. ಜೋಡಿಸಿದ ಕ್ವೆರಿಯನ್ನು ಎಣಿಸುವಾಗ ಜಾಂಗೊ ಅದನ್ನು ಇಡಿಯಾಗಿ ಆವರಣದೊಳಗೆ ಇಟ್ಟು ಹೊರಗಿನಿಂದ ಎಣಿಸುತ್ತದೆ, ಆಗಲೂ ಫಿಲ್ಟರ್ ಇಲ್ಲದೆಯೇ. ಹಾಗಾಗಿ ಮೇಲಿನ ಸಂಖ್ಯೆಗೂ ಕೆಳಗಿನ ಸಾಲುಗಳಿಗೂ ತಾಳೆಯಾಗುತ್ತಿತ್ತು. ಪುಟಗಳ ಎಣಿಕೆಯೂ ಸರಿ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ತಪ್ಪಾಗಿದ್ದವು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಯೂನಿಯನ್, ಇಂಟರ್‌ಸೆಕ್ಷನ್, ಡಿಫರೆನ್ಸ್ ಎಂಬ ಮೂರೂ ಜಾಂಗೊಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ, 1.11ನೇ ಆವೃತ್ತಿಯ ಜೊತೆ. ಜೋಡಿಸಿದ ಕ್ವೆರಿಸೆಟ್‌ನ ಮೇಲೆ ವಿಂಗಡಣೆ ಮತ್ತು ಸ್ಲೈಸ್ ಬಿಟ್ಟು ಬೇರೇನೂ ಸಲ್ಲದು ಎಂದು ದಾಖಲೆಯಲ್ಲಿ ಅಂದೇ ಬರೆದಿದ್ದರು. ಎರರ್ ಕೊಡುವ ಕೋಡ್ ಸೇರಿದ್ದು 3.0ರಲ್ಲಿ, ಅಂದರೆ 2019ರ ಡಿಸೆಂಬರ್‌ನಲ್ಲಿ. ನಡುವಿನ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ದಾಖಲೆ ಒಂದು ಹೇಳುತ್ತಿತ್ತು, ಕೋಡ್ ಸುಮ್ಮನಿತ್ತು. ದೀರ್ಘಾವಧಿ ಬೆಂಬಲವಿದೆ ಎಂದು 1.11ನ್ನೋ 2.2ನ್ನೋ ಹಿಡಿದುಕೊಂಡವರಿಗೆ ಆ ಮೌನ ಇನ್ನೂ ಉದ್ದ.

"ದಾಖಲೆ ಓದದಿದ್ದರೆ ಅವರದೇ ತಪ್ಪು" ಎಂದ ನನ್ನ ಜೊತೆಗಾರ. ನಾನು ಒಪ್ಪುವುದಿಲ್ಲ. ಆ ಪುಟ ಬರೆದವರು ಯೂನಿಯನ್ ದಾಖಲೆ ಓದಿದ್ದಿರಬಹುದು. ಅವರು ಫಿಲ್ಟರ್ ಹಾಕಲಿಲ್ಲ. ಸಾಮಾನ್ಯ ಕೋಡ್ ಬರೆದವರು ಫಿಲ್ಟರ್ ಹಾಕಿದರು. ಅವರ ಕೈಗೆ ಬರುವುದು ಯೂನಿಯನ್ ಆದ ಕ್ವೆರಿಸೆಟ್ ಎಂದು ಅವರಿಗೆ ಗೊತ್ತಾಗುವ ಬಗೆಯಿಲ್ಲ, ಏಕೆಂದರೆ ಎರಡೂ ನೋಡಲು ಒಂದೇ ಥರ, ಎರಡರ ಕ್ಲಾಸ್ ಕೂಡ ಒಂದೇ. ಇಬ್ಬರೂ ತಮ್ಮ ತಮ್ಮ ಮೂಲೆಯಲ್ಲಿ ಸರಿ ಇದ್ದರು. ಇದೇ ಜಾಂಗೊ ಇನ್ನೊಂದು ಕಡೆ ಎಷ್ಟು ಗಟ್ಟಿಯಾಗಿ ಕೂಗುತ್ತದೆ ನೋಡಿ: ಮೊದಲ ಹತ್ತು ಸಾಲು ಎಂದು ಕತ್ತರಿಸಿದ ಕ್ವೆರಿಸೆಟ್‌ಗೆ ಫಿಲ್ಟರ್ ಹಾಕಲು ಹೋದರೆ, ಸ್ಲೈಸ್ ಆದ ಮೇಲೆ ಫಿಲ್ಟರ್ ಮಾಡಲಾಗದು ಎಂದು ಅಲ್ಲೇ ತಡೆಯುತ್ತದೆ. ಆ ತಡೆ ಬಹಳ ಹಳೆಯದು. ಜೋಡಣೆಗೂ ಹಾಗೇ ಮಾಡಬಹುದಿತ್ತು. ಕೊನೆಗೆ ಮಾಡಿದರು ಕೂಡ.

ಲಾಗ್‌ಗಳನ್ನು ಹಿಂದಕ್ಕೆ ತಿರುವುತ್ತಾ ಹೋದಾಗ ಸಿಕ್ಕಿದ ಇನ್ನೊಂದು ಸುಳಿವು ನನಗೆ ಇವತ್ತಿಗೂ ಇಷ್ಟ. ಹಳೆಯ ಆವೃತ್ತಿಯಲ್ಲಿ ಆಗಾಗ ಒಂದು ಎರರ್ ಬಂದು ಹೋಗಿತ್ತು: ಗೆಟ್ ಒಂದಕ್ಕಿಂತ ಹೆಚ್ಚು ಸಾಲು ಕೊಟ್ಟಿತು ಎಂದು, ಪಕ್ಕದಲ್ಲೇ ನಾಲ್ಕಂಕಿಯ ಒಂದು ಸಂಖ್ಯೆ. ಕೇಳಿದ್ದು ಐಡಿ ಇಷ್ಟಿರುವ ಒಂದು ದಾಖಲೆಯನ್ನು. ಐಡಿ ಪ್ರಾಥಮಿಕ ಕೀಲಿ. ಅದಕ್ಕೆ ಸಾವಿರಾರು ಸಾಲು ಹೊಂದುವುದು ಸಾಧ್ಯವೇ ಇಲ್ಲ. ಹಿಂದಿನವರು ಇದನ್ನು 'ಡೇಟಾ ಕೆಟ್ಟಿದೆ, ಆಮೇಲೆ ನೋಡಬೇಕು' ಎಂದು ಗುರುತು ಹಾಕಿ ಬಿಟ್ಟಿದ್ದರು. ಡೇಟಾ ಕೆಟ್ಟಿರಲಿಲ್ಲ. ಗೆಟ್ ಎಂಬುದು ಒಳಗೊಳಗೆ ಫಿಲ್ಟರ್‌ನ್ನೇ ಕರೆದು, ಬಂದ ಸಾಲು ಒಂದೇ ಇದೆಯಾ ಎಂದು ನೋಡುತ್ತದೆ. ಆ ಫಿಲ್ಟರೂ ಅದೇ ಡಬ್ಬಿಗೆ ಬಿದ್ದಿದ್ದರಿಂದ ಗೆಟ್ ಕೈಗೆ ಇಡೀ ಟೇಬಲ್ ಬಂದಿತ್ತು. ಇಲ್ಲಿ ಮೂಗಿಗೆ ಹೊಡೆಯುವ ಹಾಗೆ ಎರರ್ ಬಂದದ್ದು ಸಾಲುಗಳು ಹೆಚ್ಚಿದ್ದವು ಎಂಬ ಕಾರಣಕ್ಕೆ ಮಾತ್ರ. ಜೋಡಣೆಯಲ್ಲಿ ಒಂದೇ ಒಂದು ಸಾಲಿದ್ದಿದ್ದರೆ, ಯಾವ ಐಡಿ ಕೇಳಿದರೂ ಆ ಒಂದೇ ದಾಖಲೆ ಬಂದು ನಿಲ್ಲುತ್ತಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಫಿಲ್ಟರ್‌ಗೆ ಸಂಬಂಧಿಸಿದ್ದಲ್ಲ. ಬೇರೆ ಬೇರೆ ಮಾಡೆಲ್‌ಗಳನ್ನು ಯೂನಿಯನ್ ಮಾಡಿದರೆ ಜಾಂಗೊ ಎಲ್ಲ ಸಾಲುಗಳನ್ನೂ ಮೊದಲನೆಯ ಮಾಡೆಲ್‌ನ ವಸ್ತುಗಳಾಗಿ ಕೊಡುತ್ತದೆ. ಕಾಲಮ್‌ಗಳು ಹೆಸರಿನಿಂದ ಕೂಡುವುದಿಲ್ಲ, ಸಾಲಿನಲ್ಲಿ ಎಷ್ಟನೆಯದು ಎಂಬುದರಿಂದ ಕೂಡುತ್ತವೆ. ಇದೂ ದಾಖಲೆಯಲ್ಲಿದೆ. ನಮ್ಮಲ್ಲಿ ಇದರ ಅರ್ಥವೇನಾಯಿತು? ನಾಮಮಾತ್ರ ಸದಸ್ಯರ ಟೇಬಲ್‌ನಿಂದ ಬಂದ 512ನೇ ಸಾಲು, ಪೂರ್ಣ ಸದಸ್ಯರ ಆವಕ ಎಂಬ ವೇಷ ಹಾಕಿ ಪರದೆಗೆ ಬರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಪೂರ್ಣ ಸದಸ್ಯರ ಟೇಬಲ್‌ನ 512ನೇ ದಾಖಲೆ ತೆರೆದುಕೊಳ್ಳುತ್ತದೆ, ಅಂದರೆ ಇನ್ಯಾರದೋ. ಇನ್ನೂ ಮುಂದೆ ಹೋಗಿ, ಪಟ್ಟಿಯಲ್ಲಿ ಬಂದ ಆ ವಸ್ತುವನ್ನೇ ತಿದ್ದಿ ಸೇವ್ ಕರೆದರೆ, ಬರೆಯುವುದು ಪೂರ್ಣ ಸದಸ್ಯರ ಟೇಬಲ್‌ಗೆ. ಆ 512ನೆಯವರ ನಿಜವಾದ ದಾಖಲೆ ಅಳಿಸಿಹೋಗಿ ಅದರ ಜಾಗದಲ್ಲಿ ನಾಮಮಾತ್ರ ಸದಸ್ಯನ ತೂಕ ಕೂರುತ್ತದೆ. ಪುಟದಲ್ಲಿ ತಿದ್ದುವ ಗುಂಡಿ ಇರಲಿಲ್ಲ ಎಂಬುದೇ ನಮ್ಮ ಪುಣ್ಯ. ಗುಂಡಿ ಬೇಕು ಎಂಬ ಬೇಡಿಕೆ ಮಾತ್ರ ಪಟ್ಟಿಯಲ್ಲಿತ್ತು.

ಜೊತೆಗೆ ಯೂನಿಯನ್‌ನ ಹಳೆಯ ಗುಣ ಒಂದಿದೆ: ಅಕ್ಷರಶಃ ಒಂದೇ ಆದ ಸಾಲುಗಳನ್ನು ಒಂದಾಗಿಸುತ್ತದೆ. ಐಡಿ ಬಿಟ್ಟು ದಿನಾಂಕ, ಬಗೆ, ತೂಕ ಇಷ್ಟನ್ನೇ ಆರಿಸಿ ಜೋಡಿಸಿದರೆ, ಒಂದೇ ದಿನ ಒಂದೇ ಬಗೆಯ ಒಂದೇ ತೂಕದ ಎರಡು ಆವಕಗಳು ಒಂದೇ ಸಾಲಾಗಿ ಮೊತ್ತ ಕಡಿಮೆ ಬರುತ್ತದೆ. ಚೀಲಗಳನ್ನು ಒಂದೇ ಅಳತೆಗೆ ತುಂಬುವ ಕಡೆ ಇದು ಅಪರೂಪವೇನಲ್ಲ. ಯೂನಿಯನ್ ಆಲ್ ಎಂದು ಕೇಳಿದರೆ ಹೀಗಾಗದು, ವೇಗವೂ ಹೆಚ್ಚು. ನಮ್ಮ ಮೊತ್ತಗಳು ಬೇರೆ ಪುಟಗಳಿಂದ ಬರುತ್ತಿದ್ದವು, ಬಚಾವಾದೆವು.

ಇನ್ನು ದುರಸ್ತಿ. ಆ ದಿನದ ಮಟ್ಟಿಗೆ ಮಾಡಿದ್ದು ಸರಳ: ಮೊದಲು ಎರಡೂ ಕ್ವೆರಿಸೆಟ್‌ಗಳಿಗೆ ಶಾಖೆಯ ಫಿಲ್ಟರ್, ಆಮೇಲೆ ಯೂನಿಯನ್. ಜೋಡಿಸುವ ಪುಟಗಳು ಇನ್ನು ಮುಂದೆ ಕ್ವೆರಿಸೆಟ್ ಕೊಡುವ ಬದಲು ಬಿಡಿಭಾಗಗಳನ್ನು ಕೊಡುತ್ತವೆ. ಸಾಮಾನ್ಯ ಕೋಡ್ ಒಂದೊಂದಕ್ಕೂ ಬೇಲಿ ಹಾಕಿ ತಾನೇ ಜೋಡಿಸುತ್ತದೆ.

ಇಷ್ಟು ಸರಳವಾದದ್ದನ್ನು ಜಾಂಗೊ ತಾನೇ ಏಕೆ ಮಾಡಬಾರದು? ಜೊತೆಗಾರ ಕೇಳಿದ ಈ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿಯೇ ನನಗೆ ಈ ವಿಷಯದ ಆಳ ಗೊತ್ತಾದದ್ದು. ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ರಿಲೇಷನಲ್ ಮಾದರಿಯಿಂದ ಬೆಳೆದ ಬೀಜಗಣಿತದಲ್ಲಿ ಒಂದು ನಿಯಮವಿದೆ: ಕೂಡಿಸಿ ಸೋಸಿದರೂ ಒಂದೇ, ಸೋಸಿ ಕೂಡಿಸಿದರೂ ಒಂದೇ. ನಿಯಮ ಗಟ್ಟಿ. ಆದರೆ ಜಾಂಗೊದ ಕ್ವೆರಿಸೆಟ್ ಶುದ್ಧ ಬೀಜಗಣಿತವಲ್ಲ. ಒಳಗಿನ ಒಂದು ಭಾಗ 'ಇತ್ತೀಚಿನ ಐವತ್ತು ಆವಕ' ಎಂದು ಕತ್ತರಿಸಿದ್ದಿರಬಹುದು. ಇತ್ತೀಚಿನ ಐವತ್ತರಲ್ಲಿ ಈ ಶಾಖೆಯವು ಎಷ್ಟು ಎಂಬುದು ಒಂದು ಪ್ರಶ್ನೆ, ಈ ಶಾಖೆಯ ಇತ್ತೀಚಿನ ಐವತ್ತು ಯಾವುವು ಎಂಬುದು ಬೇರೆಯೇ ಪ್ರಶ್ನೆ. ಫಿಲ್ಟರ್‌ನ್ನು ಒಳಗೆ ತಳ್ಳಿದರೆ ಒಂದಕ್ಕೆ ಇನ್ನೊಂದರ ಉತ್ತರ ಬರುತ್ತದೆ. ಎರಡನೇ ಟೇಬಲ್‌ನಲ್ಲಿ ಆ ಹೆಸರಿನ ಕಾಲಮ್ ಇಲ್ಲದೆಯೂ ಇರಬಹುದು, ಅಥವಾ ಅದೇ ಹೆಸರಿಗೆ ಅಲ್ಲಿ ಬೇರೆ ಅರ್ಥವಿರಬಹುದು.

ಸರಿಯಾದ ದಾರಿ ಎಂದರೆ ಇಡೀ ಯೂನಿಯನ್‌ನ್ನು ಆವರಣದೊಳಗೆ ಇಟ್ಟು, ಅದನ್ನೇ ಒಂದು ಟೇಬಲ್ ಎಂಬಂತೆ ಭಾವಿಸಿ ಹೊರಗಿನಿಂದ ವೇರ್ ಹಾಕುವುದು. ಎಸ್‌ಕ್ಯುಎಲ್‌ನಲ್ಲಿ ಕೈಯಾರೆ ಬರೆಯುವವರು ಯೋಚಿಸದೆ ಹೀಗೇ ಬರೆಯುತ್ತಾರೆ. ಜಾಂಗೊ ಇದನ್ನು ಮಾಡುವುದಿಲ್ಲ. ಆದರೆ ಡೇಟಾಬೇಸ್‌ನಲ್ಲಿ ಒಂದು ವ್ಯೂ ಮಾಡಿ, ಅದರ ಮೇಲೆ ಜಾಂಗೊ ನಿರ್ವಹಿಸದ ಮಾಡೆಲ್ ಒಂದನ್ನು ಕೂರಿಸಿದರೆ ಅದೇ ಫಲ ಸಿಗುತ್ತದೆ. ಎರಡನೇ ಹಂತದಲ್ಲಿ ನಾವು ಮಾಡಿದ್ದು ಇದನ್ನೇ. ವ್ಯೂನ ಒಳಗೆ ಯೂನಿಯನ್ ಆಲ್; ಪೂರ್ಣವೋ ನಾಮಮಾತ್ರವೋ ಎಂದು ಹೇಳುವ ಒಂದು ಕಾಲಮ್; ಐಡಿಗೆ ಮುಂದೊಂದು ಅಕ್ಷರ ಸೇರಿಸಿ ಮಾಡಿದ ಹೊಸ ಕೀಲಿ. ಪೂರ್ಣ ಸದಸ್ಯರ 512ಕ್ಕೂ ನಾಮಮಾತ್ರ ಸದಸ್ಯರ 512ಕ್ಕೂ ಇನ್ನು ಗೊಂದಲವಿಲ್ಲ. ಈ ಮಾಡೆಲ್‌ನ ಮೇಲೆ ಫಿಲ್ಟರ್, ಗೆಟ್, ಕೌಂಟ್ ಎಲ್ಲ ಮಾಮೂಲಿನಂತೆ ನಡೆಯುತ್ತವೆ.

ಇಡೀ ಎರಡು ಟೇಬಲ್ ಓದಿ ಆಮೇಲೆ ಸೋಸಿದರೆ ನಿಧಾನವಾಗದೇ ಎಂಬ ಅಂಜಿಕೆ ಇತ್ತು. ಸಂಘದ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರ ಎಕ್ಸ್‌ಪ್ಲೇನ್ ನೋಡಿದಾಗ ಅಂಜಿಕೆ ಹೋಯಿತು: ಹೊರಗಿನ ಶಾಖೆಯ ಷರತ್ತನ್ನು ಪ್ಲಾನರ್ ತಾನೇ ಎರಡೂ ಟೇಬಲ್‌ಗಳ ಒಳಗೆ ಇಳಿಸಿತ್ತು. ಕಾಡ್‌ನ ಬೀಜಗಣಿತವನ್ನು ಅನ್ವಯಿಸುವುದು ಡೇಟಾಬೇಸ್‌ನ ಕೆಲಸ, ಅದಕ್ಕೆ ಯಾವಾಗ ಅನ್ವಯಿಸಬಾರದು ಎಂಬುದೂ ಗೊತ್ತು. ಒಳಗೆ ಲಿಮಿಟ್ ಇದ್ದರೆ ಅದು ಷರತ್ತನ್ನು ಇಳಿಸುವುದಿಲ್ಲ. ಎಕ್ಸೆಪ್ಟ್ (ಡಿಫರೆನ್ಸ್‌ಗೆ ಎಸ್‌ಕ್ಯುಎಲ್‌ನಲ್ಲಿರುವ ಹೆಸರು) ಇದ್ದರೂ ಇಳಿಸುವುದಿಲ್ಲ.

ಎಲ್ಲ ಜೋಡಣೆಗೂ ಇಷ್ಟೆಲ್ಲ ಬೇಕಾಗಿಲ್ಲ. ಎರಡೂ ಕ್ವೆರಿಸೆಟ್ ಒಂದೇ ಮಾಡೆಲ್‌ನವಾದರೆ ಯೂನಿಯನ್ನೇ ಬೇಡ. ನಡುವೆ ಒಂದು ನೆಟ್ಟ ಗೆರೆ (|) ಎಳೆದರೆ 'ಅಥವಾ' ಎಂಬರ್ಥದ ಒಂಟಿ ಕ್ವೆರಿಯಾಗುತ್ತದೆ, ಅದರ ಮೇಲೆ ಫಿಲ್ಟರ್ ನಿಲ್ಲುತ್ತದೆ. ಒಂದಕ್ಕೆ ಹಲವು ಎಂಬ ಸಂಬಂಧ ದಾಟಿ ಷರತ್ತು ಹಾಕಿದ್ದರೆ ಮಾತ್ರ ಒಂದೇ ಸಾಲು ಮತ್ತೆ ಮತ್ತೆ ಬರಬಹುದು, ಆಗ ಡಿಸ್ಟಿಂಕ್ಟ್ ಬೇಕು. ನಮ್ಮ ಕೋಡ್‌ನಲ್ಲಿ ಯೂನಿಯನ್ ಎಂದು ಹುಡುಕಿದಾಗ ಸಿಕ್ಕವುಗಳಲ್ಲಿ ಹೆಚ್ಚಿನವು ಹೀಗೆ ಸುಮ್ಮನೆ ಬಳಸಿದಂಥವು.

ಟೆಸ್ಟ್‌ಗಳು ಏಕೆ ಹಿಡಿಯಲಿಲ್ಲ ಎಂದು ಸಂಘದ ಕಾರ್ಯದರ್ಶಿಗಳು ಕೇಳಿದರು. ಟೆಸ್ಟ್ ಇತ್ತು, ಪಾಸೂ ಆಗುತ್ತಿತ್ತು. ಅದರಲ್ಲಿ ಸೃಷ್ಟಿಸಿದ್ದು ಒಂದೇ ಶಾಖೆ. ಎಲ್ಲ ಆವಕವೂ ಆ ಶಾಖೆಯದೇ. ಫಿಲ್ಟರ್ ಕೆಲಸ ಮಾಡಿದರೂ ಮಾಡದಿದ್ದರೂ ಉತ್ತರ ಒಂದೇ ಬರುವ ಪರೀಕ್ಷೆ ಅದು. ಈಗ ಪ್ರತಿ ಟೆಸ್ಟ್‌ನಲ್ಲೂ ಪರಶಾಖೆಯ ಒಂದು ಸಾಲು ಇರುತ್ತದೆ, ಅದು ಪರದೆಗೆ ಬಂದರೆ ಟೆಸ್ಟ್ ಬೀಳುತ್ತದೆ. ಇನ್ನೊಂದು ತೊಡಕು: ಟೆಸ್ಟ್‌ಗಳು ಎಸ್‌ಕ್ಯುಲೈಟ್‌ನಲ್ಲಿ ಓಡುತ್ತಿದ್ದವು, ಸಂಘದ ಸರ್ವರ್‌ನಲ್ಲಿದ್ದದ್ದು ಪೋಸ್ಟ್‌ಗ್ರೆಸ್. ಜೋಡಣೆಯ ವಿಷಯದಲ್ಲಿ ಡೇಟಾಬೇಸ್‌ಗಳ ಸ್ವಭಾವ ಒಂದೊಂದೂ ಬೇರೆ. ಜೋಡಿಸುವ ಭಾಗಗಳ ಒಳಗೆ ವಿಂಗಡಣೆ, ಲಿಮಿಟ್ ಇದ್ದರೆ ಎಸ್‌ಕ್ಯುಲೈಟ್ ಒಪ್ಪುವುದಿಲ್ಲ, ಪೋಸ್ಟ್‌ಗ್ರೆಸ್ ಒಪ್ಪುತ್ತದೆ. ಮೈಎಸ್‌ಕ್ಯುಎಲ್‌ಗೆ ಇಂಟರ್‌ಸೆಕ್ಟ್, ಎಕ್ಸೆಪ್ಟ್ ಬಂದದ್ದೇ 2022ರಲ್ಲಿ, 8.0.31ರ ಜೊತೆ. ಟೆಸ್ಟ್‌ಗಳನ್ನೂ ಪೋಸ್ಟ್‌ಗ್ರೆಸ್‌ಗೆ ಬದಲಾಯಿಸಿದೆವು. ಓಡಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಚಹಾ ಕುಡಿದು ಬರಬಹುದು.

ಇದೇ ಕುಟುಂಬಕ್ಕೆ ಸೇರಿದ ಇನ್ನೊಂದು ದೋಷ ಜಾಂಗೊದಲ್ಲಿತ್ತು, ಮುಂದೆ ಸರಿಪಡಿಸಿದರು. ಏನೂ ಬೇಡ ಎನ್ನಲು ಕ್ವೆರಿಸೆಟ್‌ಗೆ ನನ್ ಎಂಬ ಕರೆ ಇದೆ. ಹಲವನ್ನು ಆರಿಸುವ ಫಾರ್ಮ್‌ಗೆ ಯೂನಿಯನ್ ಆದ ಕ್ವೆರಿಸೆಟ್ ಕೊಟ್ಟಿದ್ದಾಗ, ಬಳಕೆದಾರ ಏನನ್ನೂ ಆರಿಸದೆ ಕಳಿಸಿದರೆ ಫಾರ್ಮ್ ಈ ನನ್ ಕರೆಯುತ್ತಿತ್ತು, ಜೋಡಣೆ ಅದನ್ನೂ ಕೇಳಿಸಿಕೊಳ್ಳದೆ ಎಲ್ಲವನ್ನೂ ಕೊಡುತ್ತಿತ್ತು. ಏನೂ ಬೇಡ ಎಂದವನಿಗೆ ಊರೇ ಸಿಕ್ಕಿತು! ನಗು ಬರುತ್ತದೆ. ಆ ಫಾರ್ಮ್‌ನ ಮುಂದಿನ ಗುಂಡಿ 'ಅಳಿಸು' ಆಗಿದ್ದರೆ ನಗು ಬರುವುದಿಲ್ಲ.

ಕೊನೆಗೆ ಉಳಿದದ್ದು ಡಿಫರೆನ್ಸ್ ಬಳಸಿದ್ದ ಒಂದು ವರದಿ: ಈ ಹಂಗಾಮಿನಲ್ಲಿ ಅಡಿಕೆಯನ್ನೇ ತಾರದ ಸದಸ್ಯರು. ಬೆಳೆ ಸಾಲ ಪಡೆದವರು ಸಂಘದ ಅಂಗಳಕ್ಕೆ ಅಡಿಕೆ ಹಾಕಿದರೆ ಮಾರಾಟದ ಹಣದಲ್ಲಿ ಸಾಲ ಮುರಿದುಕೊಳ್ಳಬಹುದು. ಹಾಕದವರ ಮನೆಗೆ ಸಿಬ್ಬಂದಿ ಹೋಗಿ ವಿಚಾರಿಸಿ ಬರಬೇಕು. ಎಡಗಡೆ ಎಲ್ಲ ಸದಸ್ಯರ ಐಡಿ, ಬಲಗಡೆ ಹಂಗಾಮಿನ ಆವಕದಲ್ಲಿ ಬಂದ ಸದಸ್ಯರ ಐಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆ. ಮೇಲಿನಿಂದ ಶಾಖೆಯ ಫಿಲ್ಟರ್. ಇದೂ ಹಳೆಯ ಆವೃತ್ತಿಯಲ್ಲಿ ಎಲ್ಲ ಶಾಖೆಯವರನ್ನೂ ಕೊಡುತ್ತಿತ್ತು, ಹೊಸದರಲ್ಲಿ ನಿಂತುಹೋಗಿತ್ತು.

ಯೂನಿಯನ್‌ಗೆ ಮಾಡಿದ ಹಾಗೆಯೇ ಜೊತೆಗಾರ ಎರಡೂ ಕಡೆ ಶಾಖೆಯ ಫಿಲ್ಟರ್ ಹಾಕಿ ಕಳಿಸಿದ. ಬೀಜಗಣಿತ ಇಲ್ಲೂ ಅವನ ಪರ ಇದ್ದಂತೆ ಕಾಣುತ್ತದೆ: ಎಡವನ್ನಷ್ಟೇ ಸೋಸಿ ಕಳೆದರೂ, ಎರಡನ್ನೂ ಸೋಸಿ ಕಳೆದರೂ ಉತ್ತರ ಒಂದೇ. ಆದರೆ ಆ ಮಾತು ನಿಲ್ಲುವುದು ಕಳೆಯುವ ಸಾಲುಗಳಲ್ಲೇ ಶಾಖೆ ಇದ್ದಾಗ ಮಾತ್ರ. ಇಲ್ಲಿ ಕಳೆಯುತ್ತಿರುವುದು ಬರೀ ಐಡಿಗಳನ್ನು. ಎಡಗಡೆಯ ಶಾಖೆ ಎಂದರೆ ಸದಸ್ಯತ್ವ ಇರುವ ಶಾಖೆ. ಬಲಗಡೆಯದು ಅಡಿಕೆ ಇಳಿಸಿದ ಶಾಖೆ. ಎರಡಕ್ಕೂ ಕಾಲಮ್‌ನ ಹೆಸರು ಒಂದೇ. ಒಂದು ಶಾಖೆಯ ಸದಸ್ಯ, ಮಗಳ ಊರಿನ ಕಡೆ ಲಾರಿ ಹೋಗುವುದಿತ್ತು ಎಂದು ಇನ್ನೊಂದು ಶಾಖೆಯಲ್ಲಿ ಅಡಿಕೆ ಇಳಿಸಿದ್ದರೆ, ಎರಡೂ ಕಡೆ ಸೋಸಿದ ವರದಿಯಲ್ಲಿ ಅವನ ಹೆಸರು 'ತಾರದವರು' ಎಂದು ಬರುತ್ತದೆ. ಅಡಿಕೆ ಹಾಕಿದವನ ಮನೆ ಬಾಗಿಲಿಗೆ ವಸೂಲಿಯವರು ಹೋಗಿ ನಿಲ್ಲುತ್ತಾರೆ.

ಯಾವುದು ಸರಿ ಎಂದು ಜಾಂಗೊ ಹೇಳಲಾರದು, ಪೋಸ್ಟ್‌ಗ್ರೆಸ್ಸೂ ಹೇಳಲಾರದು. ಕಾರ್ಯದರ್ಶಿಗಳಿಗೆ ಫೋನ್ ಮಾಡಿ ಕೇಳಿದೆ: ಬೇರೆ ಶಾಖೆಗೆ ಹಾಕಿದರೆ ಹಾಕಿದ ಹಾಗೆಯೋ, ಅಲ್ಲವೋ?

"ಸಂಘ ಒಂದೇ ಅಲ್ವೇನ್ರೀ? ಎಲ್ಲಿ ಹಾಕಿದ್ರೂ ಹಾಕಿದ ಹಾಗೇ."

ಬಲಗಡೆಯ ಫಿಲ್ಟರ್ ತೆಗೆದೆವು. ಅಲ್ಲಿ ಶಾಖೆಯ ಷರತ್ತು ಹಾಕಬೇಡಿ ಎಂದು ಕಾರಣ ಸಮೇತ ಕಮೆಂಟ್ ಬರೆದೆವು, ಕನ್ನಡದಲ್ಲೇ. ಮುಂದೆ ಈ ಕೋಡ್ ನೋಡುವವರು ಎರಡೂ ಕಡೆ ಒಂದೇ ಥರ ಕಾಣಲಿ ಎಂದು ಅದನ್ನು ಮತ್ತೆ ಸೇರಿಸಿಬಿಡುವ ಸಾಧ್ಯತೆಯೇ ಹೆಚ್ಚು.